ಸಿಟ್ಟು ಸ್ವಭಾವದ್ದೋ, ಸೀಸದ್ದೋ?

ಪ್ರಶ್ನೆ: ನಮ್ಮ ಮನೆಯವರಿಗೆ 41 ವರ್ಷ. ಉದ್ಯಮಬಾಗದ ಕಡೆಯ ಒಂದು ಶೆಡ್ಡಿನಲ್ಲಿ 12 ವರ್ಷಗಳಿಂದ ಹಳೆಯ ಬ್ಯಾಟರಿಗಳನ್ನು ಒಡೆದು, ಪ್ಲೇಟು ಕರಗಿಸಿ ಸೀಸ ಹೊಯ್ಯುವ ಕೆಲಸ ಮಾಡುತ್ತಾರೆ. ಶಾಂತವಾಗಿದ್ದ ಅವರು ಈಚೆಗೆ ಸಣ್ಣ ಮಾತಿಗೂ ರೇಗುತ್ತಾರೆ, ನಿದ್ದೆ ಮಾಡುವುದಿಲ್ಲ. ಅಂಗಡಿಗೆ ಹೋದವರು ಏನು ತರಬೇಕೆಂಬುದನ್ನೇ ಮರೆತು ಬರಿಗೈಯಲ್ಲಿ ಬರುತ್ತಾರೆ. ಹೊಟ್ಟೆನೋವು, ಮಲಬದ್ಧತೆಯೂ ಇವೆ. ಅತ್ತೆಯವರು ಗಾಳಿ ಸೋಕಿದೆ ಎನ್ನುತ್ತಾರೆ. ವೈದ್ಯರು ನಿದ್ದೆಯ ಗುಳಿಗೆ ಕೊಟ್ಟಿದ್ದಾರೆ. ಇದು ಮನೋರೋಗವೇ? ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ.
– ಹೆಸರು ಬೇಡ, ಬೆಳಗಾವಿ

ಉತ್ತರ: ಸಿಟ್ಟನ್ನೂ ಹೊಟ್ಟೆನೋವನ್ನೂ ಒಂದೇ ಪತ್ರದಲ್ಲಿ ಬರೆದು ಒಳ್ಳೆಯದು ಮಾಡಿದಿರಿ. ಸಾಮಾನ್ಯವಾಗಿ ಇವೆರಡನ್ನು ಇಬ್ಬರು ವೈದ್ಯರಿಗೆ ತೋರಿಸುತ್ತಾರೆ, ಸೀಸ ಇಬ್ಬರ ಕಣ್ಣಿಗೂ ಬೀಳುವುದಿಲ್ಲ. ಸೀಸವು ದೇಹದಲ್ಲಿ ಸುಣ್ಣದಂಶದ ವೇಷ ಹಾಕಿಕೊಂಡು ನರಕೋಶಗಳ ಕೆಲಸವನ್ನು ಕೆಡಿಸುತ್ತದೆ. ರೇಗಾಟ, ಮಂಕುತನ, ಮರೆವು, ನಿದ್ದೆಗೇಡು ಅದರಿಂದ ಬರಬಹುದು. ಮದ್ಯ, ಥೈರಾಯ್ಡ್ ಮುಂತಾದ ಕಾರಣಗಳೂ ಇರಬಹುದಾದ್ದರಿಂದ ಪರೀಕ್ಷೆಯಿಲ್ಲದೆ ನಾನು ಖಚಿತವಾಗಿ ಹೇಳಲಾರೆ. ಆದರೆ 12 ವರ್ಷದ ಈ ಕಸುಬನ್ನು ಕೇಳಿಯೂ ರಕ್ತದಲ್ಲಿನ ಸೀಸವನ್ನು ಅಳೆಸದೆ ಬರೀ ನಿದ್ದೆಗುಳಿಗೆ ಬರೆದುಕೊಡುವುದು ನನಗೆ ಒಪ್ಪಿಗೆಯಿಲ್ಲ.

ಜಿಲ್ಲಾ ಆಸ್ಪತ್ರೆಗೆ ಹೋದಾಗ ‘ರಕ್ತದ ಸೀಸದ ಪರೀಕ್ಷೆ’ ಎಂದು ಬಾಯಿಬಿಟ್ಟೇ ಕೇಳಿರಿ, ಮಾಮೂಲಿ ರಕ್ತಪರೀಕ್ಷೆಯಲ್ಲಿ ಅದು ಸೇರಿರುವುದಿಲ್ಲ. ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂ ಮುಟ್ಟಿದರೂ ಸೀಸ ಎಲ್ಲಿಂದ ಬರುತ್ತಿದೆಯೆಂದು ಹುಡುಕಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೀಸವನ್ನು ಹೊರಹಾಕುವ ಔಷಧಿಗಳಿವೆ, ಆದರೆ ಅವು ಕೆಲಸ ಬಿಡಿಸಿದ ಮೇಲೆ, ವೈದ್ಯರ ನಿಗಾದಲ್ಲಿ ಮಾತ್ರ. ಅಲ್ಲದೆ ದೇಹ ಸೇರಿದ ಸೀಸದ ಬಹುಪಾಲು ಎಲುಬಿನಲ್ಲಿ ದಶಕಗಳ ಕಾಲ ಕುಳಿತು ಸ್ವಲ್ಪಸ್ವಲ್ಪವೇ ರಕ್ತಕ್ಕೆ ಇಳಿಯುವುದರಿಂದ ಗುಣ ಕಾಣಲು ತಿಂಗಳುಗಟ್ಟಲೆ ಬೇಕಾಗಬಹುದು. ಶಕ್ತಿಗೆಂದು ಯಾರಾದರೂ ಭಸ್ಮ ಕೊಟ್ಟರೆ ಮುಟ್ಟಬೇಡಿ: ನಾಗಭಸ್ಮದ ‘ನಾಗ’ವೆಂದರೆ ಸೀಸವೇ.

ಅವರು ಅಂಗೈಯಲ್ಲಿ ಸುಣ್ಣ ಹಚ್ಚಿ ತಂಬಾಕು ತಿಕ್ಕುವವರೇ ಎಂಬುದನ್ನು ನೀವು ಬರೆದಿಲ್ಲ. ಪ್ಲೇಟು ಮುಟ್ಟಿದ ಕೈಯಿಂದ ತಿಕ್ಕಿದ ತಂಬಾಕಿನೊಂದಿಗೆ ಸೀಸದ ಧೂಳು ನೇರ ಬಾಯಿಗೆ ಸೇರುತ್ತದೆ. ಮುಖಕ್ಕೆ ಕಟ್ಟುವ ವಸ್ತ್ರವಾದರೋ ಹೊಗೆಯನ್ನು ತಡೆಯದು. (ಉದ್ಯಮಬಾಗದ ವೆಲ್ಡಿಂಗ್ ಕೆಲಸದವರೂ ಇದನ್ನು ಓದಲಿ, ಅವರಿಗೆ ಮ್ಯಾಂಗನೀಸಿನ ಹೊಗೆಯಿಂದ ಮನಸ್ಸಿನ ಏರುಪೇರೂ ನಡುಕವೂ ಬರಬಹುದು.)

2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ, ಕೆಲಸದಿಂದ ಬರುವ ರೋಗಗಳ ಪಟ್ಟಿಯಲ್ಲಿ, ಸೀಸದ ವಿಷವೇ ಮೊದಲನೆಯದಾಗಿತ್ತು. ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದರೆ ಉದ್ಯೋಗದ ಗಾಯವೆಂದೇ ಪರಿಹಾರ ಕೇಳಬಹುದು. ಶೆಡ್ಡಿನವರು ಹೆಸರನ್ನೇ ದಾಖಲಿಸಿರದಿದ್ದರೆ ಹಾದಿ ಕಷ್ಟದ್ದು, ಆದ್ದರಿಂದ ವರದಿಯ ಮೂಲಪ್ರತಿಯನ್ನು ಯಾರಿಗೂ ಕೊಡಬೇಡಿ.

ಮಗಳ ರಕ್ತವನ್ನೂ ಅದೇ ದಿನ ಪರೀಕ್ಷಿಸಿರಿ, ಬಾಯಿಗೆ ಹೋದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಬಲ್ಲದು. ಮನೆಯವರು ಶೆಡ್ಡಿನಲ್ಲೇ ಮೈತೊಳೆದು, ಬಟ್ಟೆ ಬದಲಿಸಿಕೊಂಡು ಬರಲಿ; ಆ ಬಟ್ಟೆಯನ್ನು ಮಗುವಿನ ಬಟ್ಟೆಯೊಂದಿಗೆ ನೆನೆಹಾಕಬೇಡಿ, ಬಾಗಿಲಲ್ಲಿ ಜಾಡಿಸಲೂ ಬೇಡಿ. ನೆಲವನ್ನು ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿರಿ.