ಐದು ಜನರ ಮನೆಗೆ ಎಷ್ಟು ವೇಗದ ಇಂಟರ್ನೆಟ್ ಬೇಕು?

ಹಾಸನದ ನಿಮ್ಮ ಮನೆಯಲ್ಲಿ ಐವರಿದ್ದು, ಒಬ್ಬರು ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಾರೆಂದೂ, ಈಗಿನ 40 ಎಂಬಿಪಿಎಸ್ ಬಿಟ್ಟು 300ಕ್ಕೆ ಹೋಗಬೇಕೇ ಎಂದೂ ಕೇಳಿದ್ದೀರಿ. ಅಷ್ಟು ಬೇಡವೆಂಬುದು ನನ್ನ ಅಭಿಪ್ರಾಯ.

ಮನೆಯಲ್ಲಿ ಎಷ್ಟು ಮೊಬೈಲುಗಳಿವೆ ಎಂಬುದಕ್ಕಿಂತ, ರಾತ್ರಿ ಎಂಟರ ಹೊತ್ತಿಗೆ ಏಕಕಾಲದಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಲೆಕ್ಕ ಹಾಕಿ. 4ಕೆ ಚಿತ್ರಕ್ಕೆ 15, ಫುಲ್ ಎಚ್‌ಡಿಗೆ 5 ಎಂಬಿಪಿಎಸ್ ಇರಲಿ ಎಂದು ನೆಟ್‌ಫ್ಲಿಕ್ಸ್ ಹೇಳುತ್ತದೆ. ಸ್ಪಷ್ಟವಾದ ವಿಡಿಯೊ ಕರೆಗೆ ಸುಮಾರು 4 ಸಾಕು. ಟಿವಿಯಲ್ಲಿ 4ಕೆ, ಎರಡು ಮೊಬೈಲುಗಳಲ್ಲಿ ವಿಡಿಯೊ, ಒಂದು ಮೀಟಿಂಗ್ ಎಲ್ಲ ಸೇರಿದರೂ 30ರ ಆಸುಪಾಸು. ಹಿನ್ನೆಲೆಯಲ್ಲಿ ನಡೆಯುವ ಅಪ್‌ಡೇಟುಗಳಿಗೂ ಸ್ವಲ್ಪ ಬಿಟ್ಟರೆ 60 ಸಾಕು, 100 ಧಾರಾಳ. (100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬಿಟ್, ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ ಮೆಗಾಬೈಟ್‌ನಲ್ಲಿ ಲೆಕ್ಕ ತೋರಿಸುವ ಡೌನ್‌ಲೋಡ್ ಪರದೆಯಲ್ಲಿ 12ರ ಸುಮಾರಿನ ಅಂಕಿ ಕಂಡರೆ ಮೋಸವಾಯಿತೆಂದು ಜಗಳಕ್ಕೆ ಹೋಗಬೇಡಿ.) ಮನೆಯಿಂದ ಕೆಲಸ ಮಾಡುವವರಿರುವುದರಿಂದ ಅಪ್‌ಲೋಡ್ ವೇಗ, ಅಂದರೆ ಮೀಟಿಂಗಿನಲ್ಲಿ ನಿಮ್ಮ ವಿಡಿಯೊ ಮನೆಯಿಂದ ಹೊರಗೆ ಹೋಗುವ ವೇಗ, ಎಷ್ಟೆಂದು ತಪ್ಪದೆ ವಿಚಾರಿಸಿ.

ಚಿಕ್ಕಮಗಳೂರಿನ ನಮ್ಮ ಮನೆ ಅಜ್ಜನ ಕಾಲದ್ದು, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಗಳದ್ದು. ಹಿಂದಿನ ಕೋಣೆಯಲ್ಲಿ ಮೀಟಿಂಗ್ ನಿಂತುನಿಂತು ಹೋಗುತ್ತಿದ್ದುದರಿಂದ ನಾನೂ ನಿಮ್ಮಂತೆಯೇ ಯೋಚಿಸಿ 50ರಿಂದ 200ಕ್ಕೆ ಏರಿದೆ. ಆ ಕೋಣೆಯಲ್ಲಿ ಮಾತ್ರ 8 ದಾಟಲಿಲ್ಲ. ಕೊನೆಗೆ ಲ್ಯಾಪ್‌ಟಾಪನ್ನು ರೂಟರಿಗೆ ನೇರವಾಗಿ ಲ್ಯಾನ್ ಕೇಬಲ್‌ನಿಂದ ಜೋಡಿಸಿ ಅಳೆದಾಗ ಪೂರ್ತಿ 200 ಬರುತ್ತಿತ್ತು. ದೋಷ ತಂತಿಯಲ್ಲಿರಲಿಲ್ಲ, ಗೋಡೆಯಲ್ಲಿತ್ತು. ರೂಟರ್ ಬಳಸುವ ಎರಡು ಬಗೆಯ ರೇಡಿಯೊ ತರಂಗಗಳಲ್ಲಿ 5 ಗಿಗಾಹರ್ಟ್ಸ್ ವೈಫೈ ವೇಗವಾದರೂ ದಪ್ಪ ಗೋಡೆಯ ಮುಂದೆ ಸೋಲುತ್ತದೆ, 2.4 ದೂರ ಹೋಗುತ್ತದೆ, ಆದರೆ ನಿಧಾನ. ಅಟ್ಟದ ಮೇಲಿಂದ ಕೇಬಲ್ ಎಳೆಸಿ ಹಿಂದಿನ ಕೋಣೆಗೆ ಎರಡನೆಯ ರೂಟರ್ ಇಟ್ಟ ಮೇಲೆ 50ರ ಪ್ಲಾನಿಗೇ ಮರಳಿದೆ, ಈಗ ಯಾರ ದೂರೂ ಇಲ್ಲ. ಆದ್ದರಿಂದ ಹೆಚ್ಚಿನ ಹಣ ಕಟ್ಟುವ ಮೊದಲು ನೀವೂ ಇದೇ ಪರೀಕ್ಷೆ ಮಾಡಿ: ಕೇಬಲ್‌ನಲ್ಲಿ 40 ಪೂರ್ತಿ ಬಂದು ಕೋಣೆಯಲ್ಲಿ ಬಾರದಿದ್ದರೆ 300 ಕೊಂಡರೂ ಫಲವಿಲ್ಲ.

ನಮ್ಮ ಕಡೆ ವೇಗಕ್ಕಿಂತ ಹೆಚ್ಚು ಕಾಡುವುದು ಮಳೆಗಾಲ. ಕಂಬದಿಂದ ಕಂಬಕ್ಕೆ ಎಳೆದ ಫೈಬರ್ ಮೇಲೆ ಕೊಂಬೆ ಬಿದ್ದರೆ 40 ಆಗಲಿ 300 ಆಗಲಿ, ಸೊನ್ನೆಯೇ. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಾಸನ ಪಟ್ಟಣದಲ್ಲಿ ಅಷ್ಟು ತೊಂದರೆ ಇರಲಾರದು. ಆದರೂ ತಂತಿ ತುಂಡಾದಾಗ ಯಾರು ಎಷ್ಟು ಹೊತ್ತಿಗೆ ಬಂದು ಸರಿಪಡಿಸುತ್ತಾರೆಂದು ನಿಮ್ಮದೇ ಬೀದಿಯ ನಾಲ್ಕು ಮನೆಗಳಲ್ಲಿ ಕೇಳಿ, ಅದರ ಮೇಲೆ ಕಂಪನಿಯನ್ನು ಆರಿಸಿ. ಕರೆಂಟು ಹೋದಾಗ ರೂಟರ್ ಆರದಂತೆ 12 ವೋಲ್ಟಿನ ಚಿಕ್ಕ ಯುಪಿಎಸ್ ಒಂದಿರಲಿ.

ಜಾಹೀರಾತಿನ ದರಕ್ಕೆ ಸಾಮಾನ್ಯವಾಗಿ ಶೇ 18 ಜಿಎಸ್‌ಟಿ ಬೇರೆ ಸೇರುತ್ತದೆ. ವರ್ಷದ ಹಣವನ್ನು ಒಮ್ಮೆಗೇ ಕಟ್ಟದೆ, ಮೊದಲ ಮಳೆಗಾಲ ಕಳೆಯುವವರೆಗೆ ತಿಂಗಳ ಲೆಕ್ಕದಲ್ಲೇ ತೆಗೆದುಕೊಳ್ಳಿ.