ವೈಫೈ ವೇಗ ಪರೀಕ್ಷೆಯನ್ನು ಎಷ್ಟು ನಂಬಬಹುದು?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ ವೈಫೈ ಸಂಪರ್ಕದ ವೇಗವನ್ನು 866 ಮೆಗಾಬಿಟ್ ಎಂದು ತೋರಿಸುತ್ತದೆ. ಎರಡು ಕಂಪ್ಯೂಟರ್‌ಗಳ ನಡುವೆ ದತ್ತಾಂಶ ಕಳುಹಿಸಿ ವೇಗ ನೋಡುವ ಐಪರ್ಫ್ ತಂತ್ರಾಂಶದಲ್ಲಿ ಅಳೆದರೆ 500ರ ಆಸುಪಾಸು ಬರುತ್ತದೆ. ಆದರೂ ವಿಡಿಯೊ ಕರೆ ಆಗಾಗ ತಡವರಿಸುತ್ತದೆ. ಯಾವುದನ್ನು ನಂಬಲಿ?

ಉತ್ತರ: ಮೂರೂ ನಿಜವೇ, ಆದರೆ ಅವು ಹೇಳುತ್ತಿರುವುದು ಬೇರೆ ಬೇರೆ ಸಂಗತಿಗಳನ್ನು. 866 ಎಂಬುದು ರೇಡಿಯೊ ಸಂಕೇತದ ದರವೇ ಹೊರತು ನಿಮ್ಮ ಕಡತ ಸಾಗುವ ವೇಗವಲ್ಲ. ಒಂದೇ ಚಾನಲ್ಲನ್ನು ಎಲ್ಲ ಸಾಧನಗಳೂ ಹಂಚಿಕೊಳ್ಳಬೇಕಾದುದರಿಂದ ಸರದಿಗೆ ಕಾಯುವುದು, ಸ್ವೀಕೃತಿ ಕಳುಹಿಸುವುದು, ಕೆಟ್ಟ ಪ್ಯಾಕೆಟ್‌ಗಳನ್ನು (ದತ್ತಾಂಶದ ಸಣ್ಣ ತುಂಡುಗಳನ್ನು) ಮರಳಿ ರವಾನಿಸುವುದು ಇವುಗಳಲ್ಲೇ ಸಮಯದ ದೊಡ್ಡ ಪಾಲು ಕಳೆದುಹೋಗುತ್ತದೆ. ಆ ಲೆಕ್ಕದಲ್ಲಿ ನಿಮ್ಮ 500 ಒಳ್ಳೆಯ ಫಲಿತಾಂಶವೇ.

ತೊಡಕಿರುವುದು ಸರಾಸರಿಯಲ್ಲಿ. ಐಪರ್ಫ್ ಸಾಮಾನ್ಯವಾಗಿ 10 ಸೆಕೆಂಡುಗಳ ಕಾಲ ಒಂದೇ ದಿಕ್ಕಿನಲ್ಲಿ ದತ್ತಾಂಶವನ್ನು ಸುರಿದು, ಕೊನೆಗೆ ಒಂದು ಅಂಕಿಯನ್ನು ಕೊಡುತ್ತದೆ. ನಡುವೆ 300 ಮಿಲಿಸೆಕೆಂಡು ಎಲ್ಲವೂ ಸ್ತಬ್ಧವಾಗಿದ್ದರೂ ಆ ಅಂಕಿ ಅಷ್ಟೇನೂ ಕದಲುವುದಿಲ್ಲ. ಕೆಲವೇ ಮೆಗಾಬಿಟ್ ಸಾಕಾಗುವ ವಿಡಿಯೊ ಕರೆಗೆ ಮಾತ್ರ ಅದೇ ವಿರಾಮ ಮಾರಕ. ಆದ್ದರಿಂದ ಪರೀಕ್ಷೆ ನಡೆಯುತ್ತಿರುವಾಗಲೇ ರೂಟರ್‌ಗೆ ಪಿಂಗ್ (ಉತ್ತರ ಮರಳಲು ಎಷ್ಟು ಹೊತ್ತು ಬೇಕೆಂದು ತಿಳಿಸುವ ಪುಟ್ಟ ಸಂದೇಶ) ಕಳುಹಿಸಿ ನೋಡಿ: ವಿಳಂಬವು ನೂರಾರು ಮಿಲಿಸೆಕೆಂಡಿಗೆ ಜಿಗಿದರೆ, ಪ್ಯಾಕೆಟ್‌ಗಳು ಎಲ್ಲೋ ಸರದಿಯಲ್ಲಿ ಸಿಲುಕುತ್ತಿವೆ. ಐಪರ್ಫ್‌ನ ಯುಡಿಪಿ ವಿಧಾನದಲ್ಲಿ (ಕಳೆದುಹೋದ ಪ್ಯಾಕೆಟ್‌ಗಳನ್ನು ಮತ್ತೆ ಕಳುಹಿಸದ ವಿಧಾನ) ಅಳೆದರೆ ಪ್ಯಾಕೆಟ್ ನಷ್ಟವೂ ವಿಳಂಬದ ಏರಿಳಿತವೂ ಕಾಣುತ್ತವೆ. ವೇಗವನ್ನು ನೀವೇ ಸೂಚಿಸದಿದ್ದರೆ ಈ ವಿಧಾನದ ಪರೀಕ್ಷೆ ಸೆಕೆಂಡಿಗೆ 1 ಮೆಗಾಬಿಟ್‌ನಲ್ಲೇ ನಿಲ್ಲುತ್ತದೆ ಎಂಬುದನ್ನು ಅನೇಕರು ಮರೆಯುತ್ತಾರೆ.

ಪರೀಕ್ಷೆಯ ಸರ್ವರನ್ನು, ಅಂದರೆ ಲ್ಯಾಪ್‌ಟಾಪ್‌ಗೆ ಎದುರಾಗಿ ಇನ್ನೊಂದು ತುದಿಯಲ್ಲಿ ಓಡುವ ಐಪರ್ಫನ್ನು, ರೂಟರಿನಲ್ಲೇ ಓಡಿಸಬೇಡಿ, ಅದರ ದುರ್ಬಲ ಪ್ರೊಸೆಸರ್ರೇ ಅಡ್ಡಿಯಾಗಬಹುದು. ತಂತಿಯಿಂದ ಜೋಡಿಸಿದ ಬೇರೊಂದು ಕಂಪ್ಯೂಟರ್ ಇರಲಿ. ರೂಟರ್ ಪಕ್ಕದಲ್ಲಲ್ಲ, ನೀವು ಕರೆಗೆ ಕೂರುವ ಜಾಗದಲ್ಲೇ, ಕರೆ ತಡವರಿಸುವ ಹೊತ್ತಿನಲ್ಲೇ ಅಳೆಯಿರಿ.