ಸುಡುಬಂಡೆಯ ಮೇಲಿನ ‘ಸತ್ತ’ ಬಸವನಹುಳು

ಪ್ರಶ್ನೆ: ಏಪ್ರಿಲ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ಗೋಕರ್ಣದ ಓಂ ಬೀಚಿಗೆ ಹೋಗಿದ್ದೆವು. ನೀರಿನಿಂದ ಆಳೆತ್ತರ ಮೇಲೆ, ಅಂಗೈ ಊರಲಾಗದಷ್ಟು ಕಾದ ಬಂಡೆಗೆ ಕಾಳುಮೆಣಸಿಗಿಂತ ತುಸು ದೊಡ್ಡದಾದ ಬೂದುಬಣ್ಣದ ಬಸವನಹುಳುಗಳು ನೂರಾರು ಅಂಟಿಕೊಂಡಿದ್ದವು. ನೀರಿಲ್ಲದೆ ಸಾಯುತ್ತಿವೆ ಪಾಪ ಎಂದು ಮಗಳು ಹತ್ತಿಪ್ಪತ್ತನ್ನು ಬಿಡಿಸಿ, ಸಮುದ್ರದ ನೀರಿದ್ದ ಬಾಟಲಿಗೆ ಹಾಕಿದಳು. ದಾರಿಯಲ್ಲಿ ನೋಡಿದರೆ ಎಲ್ಲವೂ ನೀರು ಬಿಟ್ಟು ಬಾಟಲಿಯ ಕುತ್ತಿಗೆಗೆ ಹತ್ತಿ ಕೂತಿದ್ದವು! ಇವು ಸಮುದ್ರದ ಜೀವಿಗಳೋ, ನೆಲದವೋ?
– ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಬಾಟಲಿ ಹತ್ತಿದ ಹುಳುಗಳೇ ಅರ್ಧ ಉತ್ತರ ಕೊಟ್ಟುಬಿಟ್ಟಿವೆ. ಸಮುದ್ರದ ಜೀವಿಗಳೇ, ಆದರೆ ನೀರಿನಲ್ಲಿ ಮುಳುಗಿರುವುದು ಅವಕ್ಕೆ ಒಗ್ಗದು. ಮುಳುಗಿಸಿದರೆ ಮೇಲಕ್ಕೆ ಹತ್ತುವುದೇ ಅವುಗಳ ಹುಟ್ಟುಗುಣ.

ನಿಮ್ಮ ವಿವರಣೆಯಂತೆ ಇವು ಎಕಿನೊಲಿಟೊರಿನಾ ಕುಲದವು ಇರಬೇಕು. ಈ ಕುಲದಲ್ಲಿ ಸುಮಾರು 60 ಪ್ರಭೇದಗಳಿದ್ದು, ಬಹುಪಾಲು ಉಷ್ಣವಲಯದ ಕಲ್ಲುತೀರಗಳಲ್ಲೇ ಬದುಕುತ್ತವೆ. ಉಬ್ಬರದ ನೀರೂ ಸರಿಯಾಗಿ ಮುಟ್ಟದ, ಅಲೆಯ ಸಿಡಿತವಷ್ಟೇ ತಲುಪುವ ಎತ್ತರ ಅವುಗಳ ಠಿಕಾಣಿ. ಅದೇ ಬಂಡೆಯಲ್ಲಿ ಇನ್ನೂ ಕೆಳಗೆ, ಬಿರುಕುಗಳ ನೆರಳಲ್ಲಿ, ದಪ್ಪ ಚಿಪ್ಪಿನ, ಅರ್ಧಗೋಲದಂತಹ ಕಪ್ಪು ಹುಳುಗಳನ್ನೂ ನೋಡಿರುತ್ತೀರಿ. ಅವು ನೆರೈಟ್‌ಗಳು, ಬೇರೆಯೇ ಮನೆತನ.

ಬಿಸಿಲಲ್ಲಿ ಇವು ಮಾಡುವ ಉಪಾಯ ಸೊಗಸಾಗಿದೆ. ಬಂಡೆ ಒಣಗತೊಡಗಿದಾಗ ಹುಳು ಚಿಪ್ಪಿನ ಅಂಚಿಗೆ ಒಂದಿಷ್ಟು ಲೋಳೆ ಸವರುತ್ತದೆ. ಲೋಳೆ ಒಣಗಿ ಗೋಂದಿನಂತೆ ಹಿಡಿದುಕೊಳ್ಳುತ್ತದೆ. ಆಮೇಲೆ ಪಾದವನ್ನು ಒಳಗೆಳೆದುಕೊಂಡು ಬಾಗಿಲಿನಂಥ ಮುಚ್ಚಳ ಹಾಕಿಕೊಳ್ಳುತ್ತದೆ. ಈಗ ಮೈ ಬಂಡೆಗೆ ತಾಗಿಲ್ಲ, ಚಿಪ್ಪಿನ ಅಂಚಷ್ಟೇ ತಾಗಿದೆ. ಕಲ್ಲಿನ ಕಾವು ಒಳಗೆ ಹರಿಯುವ ದಾರಿ ಕಿರಿದಾಯಿತು, ಒಳಗಿನ ತೇವವೂ ಉಳಿಯಿತು. ಕೆಲವು ಪ್ರಭೇದಗಳಲ್ಲಿ ಒಂದರ ಬೆನ್ನ ಮೇಲೊಂದು ಹತ್ತಿ ನಿಲ್ಲುವುದೂ ಉಂಟು. ಮೇಲಿನದಕ್ಕೆ ಕಾವು ಕಡಿಮೆ, ಕೆಳಗಿನದರ ಪಾಡು ಅದಕ್ಕೇ ಗೊತ್ತು.

ನನಗೆ ಹೆಚ್ಚು ಬೆರಗು ಹುಟ್ಟಿಸುವುದು ಅದರ ಹೃದಯ. ಮೈಬಿಸಿಯನ್ನು ತಾವೇ ಕಾಯ್ದುಕೊಳ್ಳಲಾಗದ ಪ್ರಾಣಿಗಳಲ್ಲಿ ಸಾಮಾನ್ಯವಾಗಿ ಕಾವು ಏರಿದಂತೆ ಹೃದಯ ಬಡಿತವೂ ಏರುತ್ತದೆ, ದೇಹ ಶಕ್ತಿಯನ್ನು ಬೇಗಬೇಗ ಉರಿಸುತ್ತದೆ. ಬ್ರೂನೈಯ ಬಂಡೆಗಳ ಎಕಿನೊಲಿಟೊರಿನಾ ಮಲಕ್ಕಾನಾ ಎಂಬ ಪ್ರಭೇದದ ಕುರಿತು 2011ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ತಿರುಗುಮುರುಗು ಸಂಗತಿ ಹೇಳಿತು. ಸುಮಾರು 35ರಿಂದ 46 ಡಿಗ್ರಿ ಸೆಲ್ಸಿಯಸ್ ನಡುವೆ ಕಾವು ಏರಿದಂತೆ ಅದರ ದೇಹದ ವ್ಯಾಪಾರ ನಿಧಾನವಾಗುತ್ತದೆ! ಯೋಚಿಸಿದರೆ ಲೆಕ್ಕ ಸರಿಯಿದೆ. ಇದರ ಊಟ ಬಂಡೆಯ ಮೇಲಿನ ಪಾಚಿಯ ತೆಳು ಪದರ, ಅರದಂಥ ನಾಲಿಗೆಯಿಂದ ಕೆರೆದು ತಿನ್ನಬೇಕು. ಕಲ್ಲು ಒದ್ದೆಯಿಲ್ಲದೆ ಓಡಾಟವಿಲ್ಲ, ಓಡಾಟವಿಲ್ಲದೆ ಊಟವಿಲ್ಲ. ಸಂಪಾದನೆ ನಿಂತ ದಿನಗಳಲ್ಲಿ ಖರ್ಚಿನ ಕೈ ಬಿಗಿಹಿಡಿಯದಿದ್ದರೆ ಗಂಟು ಕರಗಿಹೋಗುತ್ತದೆ. ಬಡಿತವನ್ನು ಎಣಿಸುವುದಕ್ಕೆ ಚಿಪ್ಪು ಒಡೆಯಬೇಕಿಲ್ಲ. ಹೊರಗಡೆ ಅಂಟಿಸಿದ ಪುಟ್ಟ ಅವಗೆಂಪು ಕಿರಣದ ಸಾಧನ ಸಾಕು.

ಹಾಂಕಾಂಗ್‌ನ ಬಂಡೆಗಳು ಬೇಸಿಗೆಯಲ್ಲಿ 50 ಡಿಗ್ರಿ ದಾಟುತ್ತವೆ, ಅಲ್ಲೂ ಇವೇ ಹುಳುಗಳಿವೆ. ಹಾಗೆಂದು ಅವಕ್ಕೆ ಮಿತಿಯೇ ಇಲ್ಲವೆಂದಲ್ಲ. ಆ ಮಿತಿಗೆ ತೀರ ಹತ್ತಿರದಲ್ಲೇ ಅವು ಬದುಕುತ್ತಿವೆ.

ಇಷ್ಟೆಲ್ಲ ಕಷ್ಟಪಡುವ ಬದಲು ಕೆಳಗಿಳಿಯಬಾರದೇ? ಕೆಳಗೆ ಏಡಿಗಳಿವೆ, ಮೀನುಗಳಿವೆ, ಬೇರೆ ಹುಳುಗಳನ್ನು ತಿನ್ನುವ ಶಂಖದಹುಳುಗಳಿವೆ. ಹಾಗಿದ್ದರೂ ಕಡಲಿನ ನಂಟು ಹರಿದಿಲ್ಲ. ಮೊಟ್ಟೆಗಳನ್ನು ನೀರಿಗೇ ಬಿಡಬೇಕು. ಮರಿಗಳು ವಾರಗಟ್ಟಲೆ ತೇಲಾಡಿ, ಮತ್ತೆ ಯಾವುದೋ ಬಂಡೆ ಹಿಡಿಯುತ್ತವೆ.

ಮಗಳನ್ನು ಗದರಬೇಡಿ, ಅವಳದು ಕರುಣೆ. ಆದರೆ ಒಣಗಿದ ಲೋಳೆಯ ಹಿಡಿತ ಬಿಡಿಸಿದರೆ ಹುಳು ಉರುಳಿಬೀಳುತ್ತದೆ, ಸುಡುಕಲ್ಲಿನಲ್ಲಿ ಮತ್ತೆ ಅಂಟಿಕೊಳ್ಳುವ ಹೊತ್ತಿಗೆ ಒಳಗಿನ ತೇವವೆಲ್ಲ ಖರ್ಚಾಗಿರುತ್ತದೆ. ಬದುಕಿದೆಯೋ ಇಲ್ಲವೋ ನೋಡಬೇಕೆಂದರೆ ಮುಂದಿನ ಸಲ ಸಂಜೆ ಬಿಸಿಲಿಳಿದ ಮೇಲೆ ಹೋಗಿ. ಅಲೆಯ ಸಿಡಿತ ಬಂಡೆಯನ್ನು ತೋಯಿಸುತ್ತಿರುವಾಗ ಒಂದು ಹುಳುವಿನ ಮುಂದೆ ಸುಮ್ಮನೆ ಕೂತುಕೊಳ್ಳಿ. ಮುಚ್ಚಳ ಸರಿದು ಮೊದಲು ಎರಡು ಕೂದಲೆಳೆಯಂಥ ಮೀಸೆ ಹೊರಬರುತ್ತವೆ.